ತಂತಿ ತಾನಾಗಿ ಹರಿಯುವುದಿಲ್ಲ

ಮೋಟಾರು ಕಾರ್ಖಾನೆಗೆ ಹೊಸದಾಗಿ ಸೇರುವ ತರುಣರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ನಾನು ಎಷ್ಟು ವರ್ಷಕ್ಕೆ ಮೇಲ್ವಿಚಾರಕನಾದೆ ಎಂಬುದು. ಅದಕ್ಕೆ ಉತ್ತರ ಹೇಳಿ ಯಾರಿಗೂ ಪ್ರಯೋಜನವಿಲ್ಲ. ಎಷ್ಟು ವಾಹನಗಳನ್ನು ಕೆಡಿಸಿದೆ, ಕೆಡಿಸಿದ್ದನ್ನು ಯಾರ ಹೆಸರಿಗೆ ಬರೆದೆ ಎಂದು ಕೇಳಿದ್ದರೆ ಹೇಳಲು ಬಹಳವಿತ್ತು. ಯಾರೂ ಕೇಳದ ಕಾರಣ ನಾನೇ ಬರೆಯುತ್ತಿದ್ದೇನೆ.

ಮೂವತ್ತೇಳರ ಪ್ರಾಯದವನು ನಿವೃತ್ತಿಯ ಮಾತಾಡಿದರೆ ಜನ ನಗುತ್ತಾರೆ. ಸಾಣೆಕಲ್ಲಿನಿಂದ ಸಿಡಿದ ಉಕ್ಕಿನ ಚೂರಿನಿಂದಾಗಿ ನನ್ನ ಎಡಗಣ್ಣು ಹೋಯಿತು. ಇಲ್ಲ, ಹಾಗೆ ಬರೆಯುವುದು ತಪ್ಪು. ರಕ್ಷಣೆಯ ಕನ್ನಡಕವಿಲ್ಲದೆ ಸಾಣೆಯ ಮುಂದೆ ನಿಲ್ಲಲು ನಾನು ಒಪ್ಪಿದೆ. ಕನ್ನಡಕ ತರಿಸಿಕೊಡಿ ಎಂದು ನಾನು ಮೂರು ಸಲ ಬರೆದ ಅರ್ಜಿಯನ್ನು ಕಾರ್ಖಾನೆಯ ಹಣಕಾಸು ನೋಡುವ ನಮ್ಮ ದಿವಾನಜಿ ಮೂರು ಸಲ ಬದಿಗಿಟ್ಟರು. ನಾವಿಬ್ಬರೂ ಸೇರಿ ಆ ಕಣ್ಣನ್ನು ಕಳೆದೆವು. ಹೀಗೆ ಬರೆದಾಗ ಮಾತ್ರ ಮುಂದಿನವನ ಕಣ್ಣು ಉಳಿಯುವ ಸಾಧ್ಯತೆಯಿದೆ. ಈ ಬರಹದ ಉದ್ದೇಶವೂ ಅಷ್ಟೇ.

ನಾನು ಯಲಬುರ್ಗಿಯ ಕಾಳಿನ ವ್ಯಾಪಾರಿಯೊಬ್ಬರ ಮಗ. ಹೈದರಾಬಾದಿನಲ್ಲಿ ವಿಜ್ಞಾನದ ಪದವಿ ಪಡೆದು ಊರಿಗೆ ಮರಳಿದಾಗ, ಗಂಗಾವತಿಯ ಭತ್ತದ ಗಿರಣಿಯ ಸಾಹುಕಾರರು ನಾಲ್ಕು ಬಸ್ಸುಗಳನ್ನು ಓಡಿಸುತ್ತಿದ್ದರು. ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳಿಗೆ ಹೋಗಿಬರುವ ಆ ಬಸ್ಸುಗಳ ದುರಸ್ತಿಗೆ ಗಿರಣಿಯ ಹಿಂಭಾಗದಲ್ಲಿ ತಗಡಿನ ಚಪ್ಪರದ ಒಂದು ಕಾರ್ಖಾನೆ. ಅದರ ಉಸ್ತುವಾರಿಗೆ ಪದವೀಧರನೊಬ್ಬ ಬೇಕೆಂದು ಸಾಹುಕಾರರಿಗೆ ಅನ್ನಿಸಿತು. ಕಾರ್ಖಾನೆಗೆ ಹಾಗೆ ಅನ್ನಿಸಿರಲಿಲ್ಲ.

ಅಲ್ಲಿನ ಹಿರಿಯ ಮಿಸ್ತ್ರಿ ಇಮಾಮಸಾಬರು. ಎಲ್ಲರಿಗೂ ಅವರು ಉಸ್ತಾದ್. ಅಕ್ಷರ ಕಲಿತವರಲ್ಲ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದೆಯೇ ಎಂಬುದನ್ನು ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಹೇಳಿಬಿಡುತ್ತಿದ್ದರು, ಬಳಿಕ ಉಗುಳಿ ಒಂದು ಚೂರು ಬೆಲ್ಲ ತಿನ್ನುತ್ತಿದ್ದರು. ಮೊದಲ ದಿನ ನಾನು ಸ್ವಚ್ಛವಾದ ಅಂಗಿಯಲ್ಲಿ ಬಂದು ನಿಂತಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬರ್ರಿ ಸಾಹೇಬ್ರ. ಕುಂದರಾಕ ಖುರ್ಚಿ ಅಲ್ಲೈತಿ, ನಿಂದರಾಕ ಜಾಗ ಇಲ್ಲೈತಿ. ಯಾವುದ್ ಬೇಕು ನೋಡ್ಕೋರಿ” ಎಂದರು. ನಾನು ಖುರ್ಚಿಯನ್ನು ಆರಿಸಿಕೊಂಡೆ. ಇದು ನನ್ನ ಮೊದಲ ತಪ್ಪು.

ಖುರ್ಚಿಯ ಮುಂದೆ ಕೆಲಸದ ಪುಸ್ತಕವಿತ್ತು. ಯಾವ ವಾಹನಕ್ಕೆ ಏನಾಯಿತು, ಏನು ಮಾಡಿದರು ಎಂಬುದನ್ನು ದಿನವೂ ಅದರಲ್ಲಿ ಬರೆದಿಡಬೇಕು. ಓದುತ್ತ ಹೋದಂತೆ ನನ್ನ ನೆತ್ತಿಗೆ ಸಿಟ್ಟೇರಿತು. ಸ್ಪ್ರಿಂಗು ಮುರಿಯಿತು. ಗಾಜು ಒಡೆಯಿತು. ಪಟ್ಟಿ ಹರಿಯಿತು. ಎಲ್ಲಿಯೂ ಮನುಷ್ಯನ ಸುಳಿವೇ ಇಲ್ಲ. ನಮ್ಮ ಬಸ್ಸುಗಳನ್ನು ದೆವ್ವಗಳು ಓಡಿಸುತ್ತಿದ್ದವೆಂದೇ ಓದಿದವರು ತಿಳಿಯಬೇಕು. ಕನ್ನಡದ ‘ಹರಿ’ ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ತಂತಿ ಹರಿಯಿತು ಎಂದರೆ ತಂತಿಯೇ ಕರ್ತೃ, ಯಾರಿಗೂ ನೋವಿಲ್ಲ. ತಂತಿಯನ್ನು ಹರಿದನು ಎಂದರೆ ಅಲ್ಲೊಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ನಮ್ಮ ಸೀಮೆಯ ಎಲ್ಲ ದಫ್ತರಗಳೂ ಮೊದಲನೆಯ ಮುಖವನ್ನೇ ತೋರಿಸಿ ಬದುಕುತ್ತಿವೆ ಎಂದು ನನಗೆ ಆಗ ಮನವರಿಕೆಯಾಗಿತ್ತು. ಈಗಲೂ ಆ ಅಭಿಪ್ರಾಯ ಬದಲಾಗಿಲ್ಲ. ಇನ್ನು ಮುಂದೆ ಕರ್ತೃವಿಲ್ಲದ ವಾಕ್ಯ ಈ ಪುಸ್ತಕದಲ್ಲಿ ಇರಕೂಡದು ಎಂದು ನಾನು ಹುಕುಂ ಹೊರಡಿಸಿದೆ.

ಉಸ್ತಾದರು ತಲೆ ಕೆರೆದುಕೊಂಡರು. “ಮಳಿ ಬಂತು ಅಂದ್ರೂ ಯಾರ್ ತಂದ್ರು ಅಂತ ಕೇಳ್ತೀರೇನ್ರಿ ಸಾಹೇಬ್ರ?”

ಅಂದಿನಿಂದ ಕಾರ್ಖಾನೆಯಲ್ಲಿ ನನ್ನ ಹೆಸರು ‘ಯಾರ್ ಸಾಹೇಬ’. ಉರ್ದುವಿನಲ್ಲಿ ಯಾರ್ ಎಂದರೆ ಗೆಳೆಯ. ಇವರೆಲ್ಲ ನನ್ನನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆಂದು ಒಂದು ವರ್ಷ ಪೂರ್ತಿ ಹಿಗ್ಗಿದ್ದೆ. ಅದು ನನ್ನ ಪ್ರಶ್ನೆಯ ಅಣಕವೆಂದು ತಿಳಿಸಿದವನು ಚಾಲಕ ಯಮನಪ್ಪ. ಅವನಿಗೆ ನನ್ನಷ್ಟೇ ವಯಸ್ಸು. ಹತ್ತು ವರ್ಷ ಬಸ್ಸು ತೊಳೆದು, ಬಳಿಕ ಚಾಲಕನ ಹಿತ್ತಾಳೆಯ ಬಿಲ್ಲೆ ಪಡೆದವನು. ಆ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳದೆ ಅವನು ಚಹಾದಂಗಡಿಗೂ ಹೋಗುತ್ತಿರಲಿಲ್ಲ.

ಯುದ್ಧ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಪೆಟ್ರೋಲು ಸಿಗದಾಗ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆ ಕೂಡಿಸಿ ಅದರ ಅನಿಲದಿಂದ ಇಂಜಿನ್ ಓಡಿಸಿದೆವು. ಬಿಡಿಭಾಗಗಳು ಬರುವುದು ನಿಂತಿತು. ಕೊಳ್ಳುವುದನ್ನು ಮರೆತು ಮಾಡುವುದನ್ನು ಕಲಿತ ಆ ವರ್ಷಗಳು ನನ್ನ ಪಾಲಿಗೆ ವಿಶ್ವವಿದ್ಯಾಲಯಕ್ಕಿಂತ ದೊಡ್ಡ ಪಾಠಶಾಲೆ. ಅಂಥ ಕಾಲದಲ್ಲಿಯೇ ಸಾಹುಕಾರರು ಒಂದು ಅಮೆರಿಕದ ಕಾರನ್ನು ಕೊಂಡರು. ಅಧಿಕಾರಿಗಳು ಸವಾರಿಗೆ ಬಂದಾಗ ಅದನ್ನು ಕೊಟ್ಟು ಕಳಿಸುವುದು ಅವರ ಆಸೆ. ಚಾಲಕನಾಗಿ ಯಮನಪ್ಪನನ್ನೇ ನೇಮಿಸಿದರು.

ಆ ಕಾರಿನ ವಿಶೇಷ ಅದರ ಬಾನೆಟ್. ಅದುವರೆಗಿನ ವಾಹನಗಳಲ್ಲಿ ಬಾನೆಟ್ಟಿನ ಪಕ್ಕೆಗಳನ್ನು ಹೊರಗಿನಿಂದಲೇ ಕೊಂಡಿ ಬಿಚ್ಚಿ ಎತ್ತುತ್ತಿದ್ದೆವು, ನೀರು ಹಾಕುವ ರೇಡಿಯೇಟರಿನ ಮುಚ್ಚಳ ಮೂಗಿನ ಮೇಲೆ ಬಯಲಿಗೇ ಇರುತ್ತಿತ್ತು. ಈ ಕಾರಿನಲ್ಲಿ ಮುಚ್ಚಳ ಬಾನೆಟ್ಟಿನ ಒಳಗೆ. ಬಾನೆಟ್ಟು ಮುಂದಿನಿಂದ ಒಂದೇ ತುಂಡಾಗಿ ಮೇಲೇಳಬೇಕು. ಚಾಲಕನ ಮೊಣಕಾಲಿನ ಬಳಿ ಒಂದು ಗುಂಡಿ. ಅದನ್ನು ಜಗ್ಗಿದರೆ ಕೊಳವೆಯೊಳಗಿನ ಉಕ್ಕಿನ ತಂತಿ ಮುಂದಿನ ಚಿಲಕವನ್ನು ಎಳೆದು ಬಿಡಿಸುತ್ತದೆ. ನದಿಯ ಬದಿಯವರಾದ ನಮ್ಮ ಕೆಲಸಗಾರರು ಅದಕ್ಕೆ ‘ಮೊಸಳಿ ಬಾಯಿ’ ಎಂದು ಹೆಸರಿಟ್ಟರು. ಮೂಲದ ಗುಂಡಿ ಮುರಿದಾಗ ಕಿನ್ನಾಳದ ಚಿತ್ರಗಾರರೊಬ್ಬರು ಮರದಲ್ಲಿ ಹೊಸದನ್ನು ಕೆತ್ತಿ, ಕೆಂಪು ಹಸಿರು ಬಣ್ಣ ಹಚ್ಚಿ ಕೊಟ್ಟರು. ಗಿಳಿಯ ತಲೆಯಂತಿದ್ದ ಆ ಗುಂಡಿಯನ್ನು ನೋಡಲೆಂದೇ ಜನ ಕಾರಿನೊಳಗೆ ಇಣುಕುತ್ತಿದ್ದರು.

ಒಮ್ಮೆ ಆ ತಂತಿ ಸವೆದಿರುವುದು ಕಂಡಿತು. ಹೊಸದನ್ನು ನಾನೇ ಹಾಕುತ್ತೇನೆಂದು ಅಂಗಿಯ ತೋಳು ಮಡಚಿದೆ. ಹಳೆಯ ತಂತಿಯ ಬಾಲಕ್ಕೆ ಸುತಳಿ ಕಟ್ಟಿ ಎಳೆಯಬೇಕು. ತಂತಿ ಹೊರಬಂದಾಗ ಅದು ಹಾದುಬಂದ ದಾರಿಯಲ್ಲಿ ಸುತಳಿ ಉಳಿಯುತ್ತದೆ. ಆ ಸುತಳಿಗೆ ಹೊಸ ತಂತಿಯನ್ನು ಕಟ್ಟಿ ಮರಳಿ ಎಳೆದರೆ ಅದು ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಉಸ್ತಾದರು ಸುತಳಿಯ ಉಂಡೆ ಹಿಡಿದು, “ತಡೀರಿ ಸಾಹೇಬ್ರ, ಇದನ್ನ ಕಟ್ಟಿ ಜಗ್ರಿ” ಎನ್ನುವಷ್ಟರಲ್ಲಿ ನಾನು ಇಡೀ ತಂತಿಯನ್ನು ಕೊಳವೆಯ ಸಮೇತ ಹೊರಗೆಳೆದು ಕೈಯಲ್ಲಿ ಹಿಡಿದಿದ್ದೆ. ಮಡ್‌ಗಾರ್ಡಿನ ಹಿಂದೆ ಎಲ್ಲಿಯೋ ಇದ್ದ ದಾರಿ ಮುಚ್ಚಿಹೋಯಿತು. ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಇಂಜಿನ್ನಿಗೂ ಚಾಲಕನಿಗೂ ನಡುವಣ ಕಬ್ಬಿಣದ ಗೋಡೆಯಲ್ಲಿ ನಾನೊಂದು ಹೊಸ ತೂತು ಕೊರೆದೆ. ಕೊಳವೆ ಅದರಲ್ಲಿ ಹಿಡಿಸಲಿಲ್ಲ. ಬರಿಯ ತಂತಿಯನ್ನೇ ತೂರಿಸಿ, ಮೊಣಕೈಯಂತೆ ಬಗ್ಗಿಸಿ ಚಿಲಕಕ್ಕೆ ಮುಟ್ಟಿಸಿದೆ.

“ತೂತಿನ ಅಂಚು ಹರಿತ ಐತ್ರಿ. ಸೈಕಲ್ ಟ್ಯೂಬಿನ ಒಂದು ತುಣುಕು ಸುತ್ತೂನ್ರಿ” ಎಂದರು ಉಸ್ತಾದರು.

“ಕಂಪನಿಯ ಚಿತ್ರದಲ್ಲಿ ಟ್ಯೂಬಿನ ತುಣುಕು ಇಲ್ಲ, ಉಸ್ತಾದ್.”

“ಚಿತ್ರದಾಗ ಈ ತೂತೂ ಇಲ್ಲಲ್ರಿ.”

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಬಾನೆಟ್ಟು ತೆರೆಯಿತು, ಮುಚ್ಚಿತು. ನನಗೆ ಅಷ್ಟು ಸಾಕಾಗಿತ್ತು.

ಒಂದು ತಿಂಗಳ ನಂತರ, ಬಿಸಿಲು ಏರಿದ ದಿನಗಳಲ್ಲಿ, ದೊಡ್ಡ ಅಧಿಕಾರಿಯೊಬ್ಬರನ್ನು ಕುಷ್ಟಗಿಯಿಂದ ಯಲಬುರ್ಗಿಗೆ ಕರೆದೊಯ್ಯುತ್ತಿದ್ದ ಆ ಕಾರು ದಾರಿಯಲ್ಲಿ ನಿಂತುಬಿಟ್ಟಿದೆ ಎಂದು ನಮ್ಮ ಬಸ್ಸಿನವರು ಸುದ್ದಿ ತಂದರು. ನಾನೂ ಉಸ್ತಾದರೂ ಹೋದೆವು. ಅಧಿಕಾರಿ ಯಾವುದೋ ಚಕ್ಕಡಿಯಲ್ಲಿ ಆಗಲೇ ಊರು ಸೇರಿದ್ದರು. ಯಮನಪ್ಪ ಬೇವಿನ ನೆರಳಿನಲ್ಲಿ ಕುಳಿತಿದ್ದ. ಕೈಯಲ್ಲಿ ಬಣ್ಣದ ಗುಂಡಿ, ಅದರ ಹಿಂದೆ ಗೇಣುದ್ದದ ತಂತಿ.

“ಇಂಜಿನ್ ಕಾದಾಗ ನೀರು ಹಾಕಲಿಲ್ಲವೇಕೆ?” ಎಂದೆ.

“ಬಾಂವಿ ಕಂಡಕೂಡ್ಲೆ ನಿಲ್ಲಿಸಿದ್ನಿರಿ. ಕೊಡಾನೂ ತುಂಬಿಸ್ಕೊಂಡ್ ಬಂದ್ನಿ. ಮೊಸಳಿ ಬಾಯಿ ತೆರೀಲಿಲ್ರಿ. ತಂತಿ ಹರೀತ್ರಿ.”

“ಹರಿಯಿತು ಎನ್ನಬೇಡ. ಯಾರು ಹರಿದರು?”

ಅವನು ಗುಂಡಿಯನ್ನು ನೋಡಿದ, ನನ್ನನ್ನು ನೋಡಿದ. “ಜಗ್ಗಿದಾಂವ ನಾನ ಅಲ್ರಿ?”

“ತೆರೆಯದಿದ್ದ ಮೇಲೆ ಮುಂದೆ ಯಾಕೆ ಓಡಿಸಿದೆ?”

“ಆರಲಿ ಅಂತ ಅಂದ್ನಿರಿ. ಕಾರಿನ್ಯಾಗಿದ್ದ ಸಾಹೇಬ್ರು ನಡಿ ಅಂದ್ರು, ಯಲಬುರ್ಗಿ ಇಲ್ಲೇ ಐತಿ ಅಂದ್ರು. ನಾ ಏನ್ ಮಾಡಬೇಕ್ರಿ?”

ಅಷ್ಟರಲ್ಲಿ ಉಸ್ತಾದರು ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ತುದಿ ಬಗ್ಗಿಸಿದ ಕಬ್ಬಿಣದ ಸರಳನ್ನು ರೇಡಿಯೇಟರಿನ ಪಕ್ಕದಿಂದ ಮೇಲೇರಿಸಿ ಚಿಲಕವನ್ನು ಎಳೆದರು. ಬಾನೆಟ್ಟು ತಟ್ಟನೆ ತೆರೆಯಿತು. ಯಮನಪ್ಪ ಬಾಯಿ ತೆರೆದು ನಿಂತ. “ಇಷ್ಟ ಇತ್ತೇನ್ರಿ ಉಸ್ತಾದ್? ಇದನ್ನ ನನಗ್ಯಾರೂ ಹೇಳ್ಲೇ ಇಲ್ಲಲ್ರಿ!” ಒಳಗೆ ಇಂಜಿನ್ನಿನ ಹೆಡ್ ಬಿರುಕು ಬಿಟ್ಟಿತ್ತು.

ನಾನು ಅಲ್ಲಿಯೇ ವರದಿ ಬರೆದೆ. ಚಾಲಕ ಯಮನಪ್ಪನು ತಂತಿಯನ್ನು ಹರಿದನು, ನೀರಿಲ್ಲದೆ ವಾಹನ ನಡೆಸಿದನು. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಸರಿಯಾಗಿದ್ದ ವಾಕ್ಯ. ಗಂಗಾವತಿಯಲ್ಲಿ ಮುನಶಿ ಅದನ್ನು ಸರ್ಕಾರದ ಭಾಷೆಯಾದ ಉರ್ದುವಿಗೆ ತಿರುಗಿಸಿದರು: ‘ಡ್ರೈವರ್ ನೇ ತಾರ್ ತೋಡಾ’. ಕೊಪ್ಪಳದಲ್ಲಿ ಲೈಸೆನ್ಸಿನ ಕೆಲಸ ನೋಡುತ್ತಿದ್ದ ಪೊಲೀಸ್ ಅಮೀನರಿಗೆ ವರದಿ ಮುಟ್ಟಿದ ಮರುದಿನವೇ ಯಮನಪ್ಪನ ಎದೆಯಿಂದ ಬಿಲ್ಲೆ ಇಳಿಯಿತು. ವಿಚಾರಣೆ ಮುಗಿಯಲು ಒಂದು ವಾರ. ತಪ್ಪು ಖಾಯಂ ಆದರೆ ಇಡೀ ಹೈದರಾಬಾದ್ ರಾಜ್ಯದಲ್ಲಿ ಅವನು ಮತ್ತೆ ಚಕ್ರ ಹಿಡಿಯುವಂತಿರಲಿಲ್ಲ. ಅವನು ಗಿರಣಿಯಲ್ಲಿ ಮೂಟೆ ಹೊರಲು ನಿಂತ. ಹೆಗಲ ಮೂಟೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ನನ್ನ ಮುಂದೆಯೇ ಹಾದುಹೋಗುತ್ತಿದ್ದ.

ಕಾರನ್ನು ಎತ್ತುಗಳಿಂದ ಎಳೆಸಿ ತಂದೆವು. ಈ ಸಲವೂ ತಂತಿ ಬದಲಾಯಿಸಲು ನಾನೇ ಕುಳಿತೆ. ಮುರಿದ ತುದಿಯನ್ನು ಎಸೆಯುವ ಮೊದಲು ಒಮ್ಮೆ ಕಣ್ಣಿನ ಹತ್ತಿರ ಹಿಡಿದೆ. ಹಗ್ಗದಂತೆ ಹೊಸೆದ ಏಳು ಎಳೆಗಳಲ್ಲಿ ಐದರ ತುದಿ ಕಂದು, ತುಕ್ಕು ಹಿಡಿದು ಹಳತಾಗಿತ್ತು. ಎರಡು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಅಂದರೆ ಯಮನಪ್ಪ ಜಗ್ಗಿದಾಗ ಹರಿಯಲು ಉಳಿದಿದ್ದುದು ಆ ಎರಡೇ ಎಳೆ. ಉಳಿದ ಐದನ್ನು ದಿನಕ್ಕಿಷ್ಟರಂತೆ ಒಂದು ತಿಂಗಳಿಂದ ಕಡಿಯುತ್ತಿದ್ದುದು ನಾನು ಕೊರೆದ ತೂತಿನ ಅಂಚು.

ಕೆಲಸದ ಪುಸ್ತಕ ತೆರೆದೆ. ಕಾರು ಕೆಟ್ಟು ನಿಲ್ಲುವ ಹತ್ತು ದಿನ ಮೊದಲು ಯಮನಪ್ಪನ ದೂರು: ‘ಗುಂಡಿ ಬಿಗಿ ಐತಿ.’ ಅದರ ಮುಂದೆ ನನ್ನದೇ ಅಕ್ಷರ: ‘ಎಣ್ಣೆ ಹಾಕಲಾಗಿದೆ.’ ಅದಕ್ಕೂ ಹಿಂದೆ, ತಂತಿ ಹಾಕಿದ ದಿನ: ‘ಬದಲಾಯಿಸಲಾಗಿದೆ.’ ಊರಿಗೆಲ್ಲ ಕರ್ತೃವನ್ನು ಕಡ್ಡಾಯ ಮಾಡಿದವನು ತನ್ನ ಸರದಿ ಬಂದಾಗ ‘ಲಾಗಿದೆ’ಯ ಹಿಂದೆ ಅಡಗಿದ್ದ.

“ಉಸ್ತಾದ್, ಅವತ್ತು ಟ್ಯೂಬಿನ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. ಆಗಲೂ ಯಾರನ್ನಾದರೂ ತಪ್ಪಿನ ಪಾಲಿಗೆ ಸೇರಿಸಿಕೊಳ್ಳುವ ಆಸೆ.

ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು: “ನಿಮಗ ಗಟ್ಟಿಯಾಗಿ ಹೇಳೋ ಹಂಗ ನೀವ್ ಇಟ್ಟೀರೇನ್ರಿ? ನಾ ಹೇಳೋದು ಒಂದ ಸಲ. ಎರಡನೇ ಸಲಕ್ಕ ನನ್ ನೌಕ್ರಿ ನೆನಪಾಕೈತಿ.”

ಮುರಿದ ತುದಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ದಿವಾನಜಿಯ ಬಳಿ ಹೋದೆ. ಅವರು ಪೂರ್ತಿ ಕೇಳಿ, ಎಲೆಅಡಿಕೆ ಮಡಚುತ್ತ ನುಡಿದರು: “ಡ್ರೈವರ್ ಮ್ಯಾಲೆ ಬರದದ್ದು ಛಲೋನ ಐತಲ್ರಿ. ಕಲ್ಲು ನೀರಿಗೆ ಬಿದ್ದೈತಿ, ಅಲಿ ಎಬ್ಬಸಬ್ಯಾಡ್ರಿ. ಡ್ರೈವರ್ ಹೋದ್ರ ಮತ್ತೊಬ್ಬ ಸಿಗ್ತಾನ. ನೀವ್ ಹೋದ್ರ ಖುರ್ಚಿ ಖಾಲಿ ಬೀಳತೈತಿ.” ಅವರು ಕೆಟ್ಟವರಲ್ಲ. ಖುರ್ಚಿಗಳು ತುಂಬಿರಬೇಕು ಎಂಬುದೊಂದೇ ಅವರ ಚಿಂತೆ. ಇಂಥವರನ್ನು ನೀವು ಎಲ್ಲ ಕಡೆಯೂ ಕಾಣುವಿರಿ. ಅವರೊಡನೆ ಜಗಳವಾಡಿ ಹೊತ್ತು ಕಳೆಯಬೇಡಿ, ಅವರನ್ನು ದಾಟಿ ಹೋಗಿ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಕೊಪ್ಪಳಕ್ಕೆ ಹೊರಟೆ. ವಿಚಾರಣೆಯ ವಾರದಲ್ಲಿ ಉಳಿದಿದ್ದುದು ಎರಡು ದಿನ.

ಅಮೀನರು ತಂತಿಯನ್ನು ಮೇಜಿನ ಮೇಲೆ ಹರಡಿ, ತಮ್ಮ ಓದುವ ಕನ್ನಡಕವನ್ನು ಕಳಚಿ ಭೂತಗಾಜಿನಂತೆ ಹಿಡಿದು ನೋಡಿದರು. ನಾನು ಹೊಸ ವರದಿಯನ್ನು ಮುಂದಿಟ್ಟೆ. ತೂತು ಕೊರೆದವನು ನಾನು. ರಬ್ಬರು ಬೇಡವೆಂದವನು ನಾನು. ದೂರು ಬಂದಾಗ ಬಿಚ್ಚಿ ನೋಡದೆ ಎಣ್ಣೆ ಹಾಕಿದವನು ನಾನು. ಹೊರಗಿನಿಂದ ಚಿಲಕ ತೆಗೆಯುವುದನ್ನು ಚಾಲಕನಿಗೆ ಕಲಿಸದವನು ನಾನು. ಕಾದ ಇಂಜಿನ್ನನ್ನು ಮುಂದೆ ನಡೆಸಲು ಹೇಳಿದವರು ಕಾರಿನಲ್ಲಿದ್ದ ಅಧಿಕಾರಿ. ಇಲ್ಲ ಎನ್ನಲಾರದೆ ನಡೆಸಿದವನು ಯಮನಪ್ಪ.

“ಭಲೇ!” ಎಂದರು ಅಮೀನರು. “ತಪ್ಪು ನಂದೈತಿ ಅಂತ ಬಸ್ ಹತ್ತಿ ಬಂದಾವ್ರನ್ನ ನಾ ನೋಡೇ ಇಲ್ಲ. ಆದ್ರ ಒಂದ್ ಮುಷ್ಕಿಲ್ ಐತಿ ನೋಡ್ರಿ. ಈ ನಮೂನಿಯಾಗ ಡ್ರೈವರಂದು ಒಂದ ಖಾನೆ ಐತಿ. ಮಿಸ್ತ್ರಿದು ಖಾನೇನ ಇಲ್ಲ.”

“ರೂಲು ದೊಣ್ಣೆ ಕೊಡಿ. ನಾನು ಗೆರೆ ಎಳೆಯುತ್ತೇನೆ.”

ಅವರು ನಕ್ಕು ಕೊಟ್ಟರು. ನಾನು ಎಳೆದೆ. ಬಳಿಕ ಅವರ ಬೆರಳು ಅಧಿಕಾರಿಯ ಸಾಲಿನ ಮೇಲೆ ನಿಂತಿತು. ನಗು ಹೋಯಿತು. “ಇದನ್ನ ತಗೀರಿ. ಇದು ಮ್ಯಾಲಿನವರ ಮಾತು. ನಾನೇ ಹೊಡದ್ ಹಾಕ್ತೀನಿ.”

“ಹೊಡೆದುಹಾಕಿ. ಹೊಡೆದುಹಾಕಿದವರು ಯಾರು ಎಂದು ಪಕ್ಕದಲ್ಲಿ ನಿಮ್ಮ ರುಜು ಇರಲಿ, ಅಷ್ಟೇ.”

ಅಮೀನರ ಲೇಖನಿ ಕಾಗದದ ಮೇಲೆ ಸ್ವಲ್ಪ ಹೊತ್ತು ತೂಗಿತು. ಅವರು ಲೇಖನಿಯನ್ನು ಮಸಿಕುಡಿಕೆಯಲ್ಲಿ ಇಟ್ಟು, “ಇರ್ಲಿ ಬಿಡ್ರಿ. ಓದೋರು ಓದ್ಲಿ” ಎಂದರು. ಆ ಅಧಿಕಾರಿಗೆ ಏನೂ ಆಗಲಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ಆದರೆ ಆ ಸಾಲು ಕಾಗದದಲ್ಲಿ ಉಳಿಯಿತು. ಅಂಥ ಸಾಲು ಉಳಿಯಬಹುದು ಎಂದು ತಿಳಿದುದೇ ನನ್ನಲ್ಲಿ ಹುಟ್ಟಿದ ಭರವಸೆಗೆ ಕಾರಣ.

ಸಾಹುಕಾರರು ನನ್ನನ್ನು ಆರು ತಿಂಗಳು ಖುರ್ಚಿಯಿಂದ ಇಳಿಸಿ ಉಸ್ತಾದರ ಕೈಕೆಳಗೆ ಹಾಕಿದರು. ಶಿಕ್ಷೆಯೆಂದು ಕೊಟ್ಟ ಆ ಆರು ತಿಂಗಳುಗಳಲ್ಲಿ ನಾನು ಮಿಸ್ತ್ರಿಯಾದೆ. ತಂತಿಯನ್ನು ಅಗಲವಾದ ಬಾಗಿನಲ್ಲಿ ಒಯ್ಯಬೇಕು, ಒಂದು ಬೆರಳಿನಷ್ಟು ಸಡಿಲ ಬಿಡಬೇಕು. ಬಾನೆಟ್ಟನ್ನು ಮುಚ್ಚುವ ಮೊದಲು, ಅದು ತೆರೆದಿರುವಾಗಲೇ, ಚಿಲಕವನ್ನು ಕೈಯಿಂದ ಒತ್ತಿ ಕೂಡಿಸಿ ಗುಂಡಿ ಜಗ್ಗಿ ನೋಡಬೇಕು. ಮುಚ್ಚಿದ ಮೇಲೆ ಪರೀಕ್ಷಿಸುವವನು ಮೂರ್ಖ. ಇದನ್ನೆಲ್ಲ ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಉಸ್ತಾದರೂ ಬದಲಾದರು. ಒಂದೇ ಮಾತನ್ನು ನನಗೆ ನಾಲ್ಕು ಸಲ ಹೇಳತೊಡಗಿದರು, ನಾಲ್ಕನೆಯದು ಬೈಗುಳದ ಜೊತೆಗೆ. ಮಡ್‌ಗಾರ್ಡನ್ನೇ ಕಳಚಿ ಹಳೆಯ ದಾರಿಯನ್ನು ಹುಡುಕಿದೆವು. ನನ್ನ ತೂತನ್ನು ತಗಡಿನ ತುಂಡಿನಿಂದ ಬೆಸೆದು ಮುಚ್ಚಿದೆವು. ಹೆಡ್ಡಿನ ಬಿರುಕನ್ನು ಬಳ್ಳಾರಿಯಲ್ಲಿ ಕೂಡಿಸಿ ತಂದೆವು.

ಯಮನಪ್ಪನಿಗೆ ಬಿಲ್ಲೆ ಮರಳಿ ಬಂದ ದಿನ ಅವನು ನೇರವಾಗಿ ಕಾರ್ಖಾನೆಗೆ ಬಂದ. ನಾನು ಕ್ಷಮೆ ಕೇಳಿದೆ. ಅವನು ಕಾರಿನ ಮುಂದೆ ಹೋಗಿ ಕೈಕಟ್ಟಿ ನಿಂತ.

“ಒಳಗ್ ಕುಂದರ್ರಿ. ಗುಂಡಿ ಜಗ್ರಿ. ನಾ ಇಲ್ಲಿ ನೋಡ್ತೀನಿ.”

ಜಗ್ಗಿದೆ. ಬಾನೆಟ್ಟು ತೆರೆಯಿತು. ಅವನು ಮುಚ್ಚಿದ. “ಮತ್ತೊಮ್ಮೆ.” ಮತ್ತೆ ಜಗ್ಗಿದೆ. “ಮತ್ತೊಮ್ಮೆ.” ಕೆಲಸಗಾರರೆಲ್ಲ ಕೈಗೆಲಸ ಬಿಟ್ಟು ಬಂದು ಸುತ್ತುವರಿದರು. ಯಾರೋ ಹಿಂದಿನಿಂದ, “ಯಮನ್ಯಾ, ಸಾಹೇಬ್ರ ಕೈ ಹರೀತೈತಿ, ಬಿಡೋ” ಎಂದರು. “ಹರದ್ರ ನಾ ಹರದೆ ಅಂತ ಬರಕೋರಿ” ಎಂದ ಅವನು. ಉಸ್ತಾದರು ನಗು ತಡೆಯಲಾರದೆ ಗೋಡೆ ಹಿಡಿದರು. ಆಮೇಲೆ ಅವನು ತಾನೇ ಕಾರಿನಡಿ ಮಲಗಿ, ಬಗ್ಗಿದ ಸರಳಿನಿಂದ ಚಿಲಕ ಎಳೆದು ತೆರೆದ. ಮೂರು ಸಲ. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡ.

ನಾನು ಕೆಲಸದ ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು, ದುರಸ್ತಿಯಾದ ವಾಹನವನ್ನು ಚಾಲಕನೇ ನೋಡಿ ಬರೆಯುವ ಖಾನೆ ಮಾಡಿದ್ದೆ. ಅದು ತುಂಬದೆ ಯಾವ ವಾಹನವೂ ಹೊರಡಕೂಡದು. ಅದನ್ನು ಅವನ ಮುಂದೆ ಹಿಡಿದು, “ತಂತಿ ಚೆನ್ನಾಗಿದೆ ಎಂದು ಬರೆ” ಎಂದೆ.

ಯಮನಪ್ಪ ಪೆನ್ಸಿಲನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಯೋಚಿಸಿದ. “ಹಂಗ ಹ್ಯಾಂಗ್ ಬರೀಲ್ರಿ? ಒಳಗಿನ ಎಳಿ ನನಗ ಕಾಣೋದಿಲ್ಲ. ನಾ ನೋಡಿದ್ದಷ್ಟ ಬರೀತೀನಿ.” ಬಳಿಕ ದೊಡ್ಡ, ವಕ್ರ ಅಕ್ಷರಗಳಲ್ಲಿ ಬರೆದು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಕಾರು ಹತ್ತಿ ಕುಷ್ಟಗಿಯ ಕಡೆ ಹೊರಟುಹೋದ.

‘ಇವತ್ತ ನೋಡೀನಿ. ನಾಳೆ ಮತ್ತ ನೋಡ್ತೀನಿ. ಯಮನಪ್ಪ.’